ಮಾವನಿಗೆ ಆಗದ ಹಲ್ಲು

2018ನೇ ಇಸವಿ. ನಾನಾಗ ಮಧುಗಿರಿಯ ಸರ್ಕಾರಿ ಆಸ್ಪತ್ರೆಯಲ್ಲಿ ದಂತವೈದ್ಯೆ. ಹಲ್ಲಿನ ವಿಭಾಗವೆಂದರೆ ಕೆಳಮಹಡಿಯಲ್ಲಿ ಒಂದು ಕೋಣೆ, ಒಂದು ಕುರ್ಚಿ. ಕುರ್ಚಿಯಲ್ಲಿ ಒರಗಿದವರಿಗೆ ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ನನ್ನ ಕೈಯ ಇಕ್ಕಳ ಕಾಣುತ್ತಿರಲಿಲ್ಲ. ಬರುವವರಲ್ಲಿ ಹೆಚ್ಚಿನವರು ಲವಂಗ, ಹೊಗೆಸೊಪ್ಪು, ಪಕ್ಕದ ಮನೆಯವರ ಸಲಹೆ ಎಲ್ಲವನ್ನೂ ಮುಗಿಸಿ, ಕೆನ್ನೆ ಊದಿಸಿಕೊಂಡು, ಕಟ್ಟಕಡೆಗೆ ನನ್ನ ಹತ್ತಿರ ಬರುವವರು. ಅವರನ್ನು ಚೆನ್ನಾಗಿ ಬೈಯುವುದು ನನ್ನ ಚಿಕಿತ್ಸೆಯ ಮೊದಲ ಹಂತವಾಗಿತ್ತು. ಸೇವೆಯುದ್ದಕ್ಕೂ ಸಾವಿರಾರು ಹಲ್ಲು ಕಿತ್ತಿದ್ದೇನೆ, ಅವು ಯಾವುವೂ ನೆನಪಿಲ್ಲ. ನೆನಪಿರುವುದು ಅವತ್ತು ಕೀಳದೆ ಕಳಿಸಿದ ಒಂದು ಹಾಲುಹಲ್ಲು.

ಫೆಬ್ರವರಿಯ ಒಂದು ಬುಧವಾರ ಚನ್ನರಾಯನದುರ್ಗದ ಕಡೆಯ ಇಬ್ಬರು ಹೆಂಗಸರು ಒಳಗೆ ಬಂದರು. ಮುಂದೆ ಅರವತ್ತು ದಾಟಿದ ಸಿದ್ದಗಂಗಮ್ಮ, ಹಿಂದೆ ಮಗಳು ಮಂಜುಳ. ಮಂಜುಳಳ ಸೊಂಟದ ಮೇಲೆ ಎಂಟು ತಿಂಗಳ ಹೆಣ್ಣುಕೂಸು ಚಿನ್ಮಯಿ. ಮಂಜುಳಳ ಗಂಡನ ಮನೆ ಕಳ್ಳಂಬೆಳ್ಳದ ಹತ್ತಿರ; ಬಾಣಂತನಕ್ಕೆಂದು ತವರಿಗೆ ಬಂದವಳು ಇನ್ನೂ ಅಲ್ಲೇ ಇದ್ದಳು. ಚೀಟಿಯಲ್ಲಿ ರೋಗಿಯ ವಯಸ್ಸು ನೋಡಿ ನನಗೆ ನಗು ಬಂತು. ಕೂಸಿನ ಅಂಗಿಯ ಎದೆಭಾಗ ಜೊಲ್ಲಿನಿಂದ ತೊಯ್ದು ತೊಪ್ಪೆಯಾಗಿತ್ತು. ಮಣಿಕಟ್ಟಿನಲ್ಲಿದ್ದ ಬಜೆ ಬಳೆಯನ್ನು ಅದು ಸಿಟ್ಟಿನಿಂದ ಕಚ್ಚುತ್ತಿತ್ತು. ಬಾಯಿ ತೆರೆಸಿ ನೋಡಿದೆ. ಮೇಲಿನ ಒಸಡಿನ ನಡುವೆ ಅಕ್ಕಿನುಚ್ಚಿನಷ್ಟು ಬಿಳಿ.

"ಚೆನ್ನಾಗಿದೆಯಲ್ಲ, ಏನು ತೊಂದರೆ?" ಎಂದೆ.

"ಅದನ್ನ ಕಿತ್ತಾಕ್ಬುಡಿ ಡಾಕ್ಟ್ರಮ್ಮ," ಎಂದರು ಸಿದ್ದಗಂಗಮ್ಮ.

ಮೊದಲು ಕೆಳಗಿನ ಹಲ್ಲು ಬರಬೇಕು, ಮೇಲಿನದು ಮೊದಲು ಬಂದರೆ ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಅಜ್ಜಿಯೂ ಹೇಳುತ್ತಿದ್ದರು. ಆದರೆ ಅದಕ್ಕಾಗಿ ಹಲ್ಲು ಕೀಳಿಸಲು ಬಂದವರನ್ನು ನಾನು ಕಂಡದ್ದು ಅದೇ ಮೊದಲು. ನನ್ನ ಪಿತ್ತ ನೆತ್ತಿಗೇರಿತು. ಹೆಚ್ಚಿನ ಮಕ್ಕಳಿಗೆ ಆರರಿಂದ ಹತ್ತು ತಿಂಗಳೊಳಗೆ ಕೆಳಗಿನ ಸೆಂಟ್ರಲ್ ಇನ್ಸೈಸರ್, ಅಂದರೆ ನಡುವಿನ ಬಾಚಿಹಲ್ಲು ಬರುತ್ತದೆ. ಕೆಲವರಿಗೆ ಮೇಲಿನದೇ ಮೊದಲು ಬರುತ್ತದೆ. ಅದು ರೋಗವಲ್ಲ, ಶಕುನವಂತೂ ಅಲ್ಲ ಎಂದೆ. ಈ ಹಾಲುಹಲ್ಲಿನ ಬೇರಿನ ಹಿಂದೆಯೇ ಮುಂದೆ ಬರಬೇಕಾದ ಹಲ್ಲಿನ ಮೊಳಕೆ ಇರುತ್ತದೆ, ಈಗ ಕಿತ್ತರೆ ಅದಕ್ಕೂ ಪೆಟ್ಟು ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಿಂದೆ ಯುರೋಪಿನಲ್ಲಿ ಹಲ್ಲು ಬರುವ ಕೂಸುಗಳ ಒಸಡನ್ನು ವೈದ್ಯರೇ ಕೊಯ್ಯುತ್ತಿದ್ದರು, ಪಾದರಸ ಬೆರೆಸಿದ ಪುಡಿ ತಿನ್ನಿಸುತ್ತಿದ್ದರು, ನಮ್ಮಲ್ಲೂ ಅಫೀಮು ನೆಕ್ಕಿಸಿ ಮಲಗಿಸುವವರಿದ್ದರು, ನೀವೂ ಅವರ ಸಾಲಿಗೇ ಸೇರುತ್ತೀರಾ ಎಂದು ಕೇಳಿದೆ. ಕಡೆಗೆ, "ಇಷ್ಟು ವಯಸ್ಸಾಗಿದೆ, ಬುದ್ಧಿ ಬೇಡವಾ?" ಎಂದೂ ಅಂದುಬಿಟ್ಟೆ. ಈಗಲೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ.

ಸಿದ್ದಗಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದರು. "ಬುಡಮ್ಮ. ನೀವು ಕೀಳ್ದಿದ್ರೆ ಕೀಳೋರು ಅವ್ರೆ. ನಮ್ ಕಡೆ ಒಬ್ಬ ಇಕ್ಕಳ ಮಡಿಕ್ಕಂಡವ್ನೆ."

ನನ್ನ ಸಿಟ್ಟು ಜರ್ರನೆ ಇಳಿಯಿತು. ಕುದಿಸದ ಇಕ್ಕಳ, ಎಂಟು ತಿಂಗಳ ಕೂಸು, ಎಳೆಯ ಒಸಡು. ರಕ್ತ ನಿಲ್ಲದಿದ್ದರೆ, ನಂಜಾದರೆ, ಕಿತ್ತ ಹಲ್ಲು ಜಾರಿ ಗಂಟಲಿಗೆ ಸಿಕ್ಕಿದರೆ? ಬಾಗಿಲಿಗೆ ಅಡ್ಡ ನಿಂತು, "ಕೂತ್ಕೊಳ್ಳಿ ತಾಯಿ, ತಪ್ಪಾಯ್ತು. ಏನಾಯಿತು ಹೇಳಿ," ಎಂದೆ. ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅವರ ಒಬ್ಬನೇ ಮಗ, ಮಂಜುಳಳ ಅಣ್ಣ ಲೋಕೇಶ, ಹಿಂದಿನ ಭಾನುವಾರ ಬೈಕಿನಲ್ಲಿ ಮಧುಗಿರಿಗೆ ಬರುವಾಗ ಬಿದ್ದು ಎಡಗಾಲು ಮುರಿದುಕೊಂಡಿದ್ದ. ನಮ್ಮದೇ ಆಸ್ಪತ್ರೆಯ ಮೇಲಿನ ವಾರ್ಡಿನಲ್ಲಿದ್ದ. ಮಾರನೆಯ ದಿನ ಅವನ ಡಿಸ್ಚಾರ್ಜ್. ಅವನು ಮನೆಗೆ ಬರುವಷ್ಟರಲ್ಲಿ ಈ ಹಲ್ಲು ಇರಬಾರದು. ಇಲ್ಲವೇ ಮಗಳೂ ಕೂಸೂ ಆ ಮನೆಯಲ್ಲಿ ಇರಬಾರದು. ಎರಡರಲ್ಲಿ ಒಂದು ಆಗಲೇಬೇಕಿತ್ತು.

"ಹಲ್ಲು ಕಂಡ್ ಹತ್ತು ನಿಮ್ಷಕ್ಕೆ ನನ್ ಮಗ ಬಿದ್ದ ಕಣಮ್ಮ. ಇನ್ಯಾವ ಸಾಕ್ಷಿ ಬೇಕು?" ಎಂದು ಕೇಳಿದರು.

ಅಷ್ಟು ಹೊತ್ತಿಗೆ ಕೂಸು ಬಜೆ ಬಳೆಯನ್ನು ಬಿಟ್ಟು ಅಜ್ಜಿಯ ಕಡೆ ಎರಡೂ ಕೈ ಚಾಚಿ ಅಳತೊಡಗಿತ್ತು. ಅಜ್ಜಿ ಗೋಡೆ ಕಡೆ ಮುಖ ಮಾಡಿದರು. ಮಂಜುಳ ಮೆಲ್ಲಗೆ ಹೇಳಿದಳು: "ದಿನಾ ನಮ್ಮವ್ವನೇ ಬೆಳ್ಳು ತೊಳ್ಕಂಡು ಒಸಡು ತೀಡೋದು ಮೇಡಮ್. ಭಾನುವಾರದಿಂದ ಮುಟ್ಟೇ ಇಲ್ಲ. ಇದು ಬ್ಯಾರೆ ಯಾರ್ ಬೆಳ್ಳೂ ಒಲ್ಲೆ ಅಂತೈತೆ." ಎಷ್ಟೆಷ್ಟೋ ಜೆಲ್ಲು, ಪುಡಿ, ರಬ್ಬರ್ ಬಳೆ ಬಂದು ಹೋಗಿವೆ. ಹಲ್ಲು ಬರುವ ಕೂಸಿಗೆ ಶುದ್ಧವಾದ ಬೆರಳಿಗಿಂತ ಒಳ್ಳೆಯ ಮದ್ದನ್ನು ನಾನು ಇವತ್ತಿಗೂ ಕಂಡಿಲ್ಲ. ಆ ಬೆರಳನ್ನೇ ಈ ಕೂಸು ಕಳೆದುಕೊಂಡಿತ್ತು.

ಏನು ಮಾಡುವುದೆಂದು ತೋಚದೆ, ಕೇಸ್ ಶೀಟ್ ತುಂಬುವವಳಂತೆ ಕೇಳಿದೆ: "ಹಲ್ಲು ಕಂಡಿದ್ದು ಸರಿಯಾಗಿ ಎಷ್ಟು ಗಂಟೆಗೆ?" ಮಂಜುಳ ಮೊಬೈಲ್ ತೆಗೆದಳು. ಕೂಸು ಹಲ್ಲು ಬಿಡುತ್ತಿರುವ ಪುಟ್ಟ ವಿಡಿಯೋ. ಕಂಡ ತಕ್ಷಣ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದಳು, ಭಾನುವಾರ 10.20ಕ್ಕೆ.

"ಯಾರಿಗೆ ಕಳಿಸಿದೆ?"

"ಮೊದ್ಲು ಅಣ್ಣಂಗೇ. ಅವ್ನೇ ದಿನಾ ಕೇಳ್ತಿದ್ದ, ಹಲ್ಲು ಬಂತಾ ಬಂತಾ ಅಂತ."

ಕಳಿಸಿದ ವಿಡಿಯೋದ ಕೆಳಗೆ ಎರಡು ನೀಲಿ ಗೀಟು. ನೋಡಿದ ಸಮಯ ತೆಗೆಸಿದೆ: 10.26. ಲೋಕೇಶ ಬಿದ್ದಿದ್ದಾನೆಂದು ಮನೆಗೆ ಫೋನ್ ಬಂದದ್ದು ಹತ್ತೂವರೆಗೆ. ಅವನು ಮನೆ ಬಿಟ್ಟದ್ದು ಹತ್ತಕ್ಕೆ. ಹಾಗಾದರೆ 10.26ಕ್ಕೆ ಆ ಮಹಾರಾಯ ಎಲ್ಲಿದ್ದ? ಕೂಸನ್ನು ಎತ್ತಿಕೊಂಡು, "ಬನ್ನಿ, ಮೇಲಕ್ಕೆ ಹೋಗೋಣ," ಎಂದೆ.

ಸಿದ್ದಗಂಗಮ್ಮ ಮೆಟ್ಟಿಲ ಮೇಲೆಲ್ಲ ಬೇಡ ಬೇಡ ಎನ್ನುತ್ತಲೇ ಬಂದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಲೋಕೇಶ ಸೋದರಸೊಸೆಯನ್ನು ಕಂಡವನೇ ಎದ್ದು ಕೂತ. ಮೂರು ದಿನದಿಂದ ಅವನ ಕಣ್ಣಿಗೇ ಬೀಳದಂತೆ ಕೂಸನ್ನು ಇಟ್ಟಿದ್ದರು. ನಾನು ಒಂದೇ ಮಾತು ಹೇಳಿದೆ: "ಇದರ ಹಲ್ಲು ಕೀಳಿಸೋಕೆ ಬಂದಿದ್ದಾರಪ್ಪ. ನೀನು ಬಿದ್ದಿದ್ದು ಇದರಿಂದಲಂತೆ."

ಅವನ ಮುಖ ಬಿಳಿಚಿಕೊಂಡಿತು. ತಾಯಿಯನ್ನು ನೋಡಿದ, ತಂಗಿಯನ್ನು ನೋಡಿದ, ಕಡೆಗೆ ಪ್ಲಾಸ್ಟರನ್ನು ನೋಡಿದ.

"ಹಲ್ಲಿಂದ್ಲೇ ಬಿದ್ದಿದ್ದು ಕಣವ್ವ," ಎಂದ. "ಮಂಜಿ ವಿಡಿಯೋ ಕಳ್ಸಿದ್ಲು. ತಡೀನಾರ್ದೆ ಗಾಡಿ ಓಡಿಸ್ತಾನೇ ನೋಡ್ದೆ. ನಗು ಬಂತು. ಮೋರಿ ಕಾಣ್ಲಿಲ್ಲ."

"ಎಮ್ಮೆ ಅಡ್ಡ ಬಂತು ಅಂದ್ಯಲ್ಲೋ?"

"ಎಮ್ಮೆನೂ ಇಲ್ಲ, ಕ್ವಾಣನೂ ಇಲ್ಲ. ಗಾಡಿ ಮ್ಯಾಲೆ ಫೋನ್ ಮುಟ್ಬ್ಯಾಡ ಅಂತ ನೀನು ಆಣೆ ಹಾಕ್ಸಿದ್ದೆ. ಅದಕ್ಕೇ ಎಮ್ಮೆ ಮ್ಯಾಲೆ ಹಾಕ್ದೆ. ನೀವು ಕೂಸಿನ್ ಮ್ಯಾಲೆ ಹಾಕ್ತೀರ ಅಂತ ನಂಗೇನ್ ಗೊತ್ತು?"

ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಸಿದ್ದಗಂಗಮ್ಮ ನಗಲಿಲ್ಲ. ಮಗನ ಬೆನ್ನಿಗೆ ಎರಡು ಗುದ್ದಿ, ಪ್ಲಾಸ್ಟರಿಗೆ ತಾಗಿತೇನೋ ಎಂದು ತಾವೇ ಹೆದರಿ ಅದನ್ನು ಸವರಿದರು. ಅಷ್ಟರಲ್ಲಿ ಲೋಕೇಶ ಕೂಸನ್ನು ಕಸಿದುಕೊಂಡು ಅದರ ಬಾಯಿಗೆ ಬೆರಳಿಟ್ಟಿದ್ದ. ಅದು ಕಚಕ್ಕನೆ ಕಚ್ಚಿತು. "ಅಯ್ಯಯ್ಯೋ, ಈಗ ನಿಜವಾಗ್ಲೂ ಮಾವಂಗೆ ಕಂಟಕ!" ಎಂದು ಕೂಗಿದ. ಆಗ ಸಿದ್ದಗಂಗಮ್ಮನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಮೂಲೆಯ ನಲ್ಲಿಯಲ್ಲಿ ಸೋಪು ಹಾಕಿ ಕೈ ತೊಳೆದು ಬಂದರು. ಕೂಸನ್ನು ಮಡಿಲಿಗೆ ಹಾಕಿಕೊಂಡು ತೋರುಬೆರಳಿನಿಂದ ಒಸಡನ್ನು ತೀಡತೊಡಗಿದರು. ಅಳು ನಿಂತಿತು. ಎರಡು ನಿಮಿಷದಲ್ಲಿ ಚಿನ್ಮಯಿ ಬೆರಳು ಕಚ್ಚಿಕೊಂಡೇ ನಿದ್ದೆ ಹೋದಳು. ನಾನು ಕಣ್ಣು ಒರೆಸಿಕೊಂಡೆ. ಕೆಳಗೆ ಹೊರರೋಗಿಗಳ ಸಾಲು ಬೆಳೆಯುತ್ತಿತ್ತು.

ಸಿದ್ದಗಂಗಮ್ಮ ಆ ನಂಬಿಕೆಯನ್ನು ಅವತ್ತೇ ಬಿಟ್ಟರೆಂದು ನಾನು ಹೇಳಲಾರೆ. ಊರಿಗೆ ಹೋದಮೇಲೆ ಶಾಂತಿ ಮಾಡಿಸಿದರಂತೆ, ಮಾಡಿಸಲಿ. ಕೂಸೂ ಮಾವನೂ ಒಂದೇ ಸೂರಿನಡಿ ಇದ್ದರಲ್ಲ, ನನಗೆ ಅಷ್ಟು ಸಾಕಾಗಿತ್ತು.

ಬದಲಾದದ್ದು ನನ್ನ ಕೇಸ್ ಶೀಟ್. ನೋವು ಯಾವಾಗಿನಿಂದ, ಊತ ಯಾವಾಗಿನಿಂದ ಎಂದು ಕೇಳುವುದನ್ನು ಕಾಲೇಜಿನಲ್ಲಿ ಕಲಿಸಿದ್ದರು. ಜೊತೆಗೆ ಬಂದವರ ಹೆದರಿಕೆ ಯಾವಾಗಿನಿಂದ ಎಂದು ಕೇಳಬೇಕೆಂಬುದನ್ನು ಕಲಿಸಿದ್ದು ಆ ಬುಧವಾರ. ಬೈಯುವ ಚಟ ಪೂರ್ತಿ ಹೋಗಲಿಲ್ಲ, ಹುಟ್ಟುಗುಣ ಸುಟ್ಟರೂ ಹೋಗದು. ಆದರೆ ಮೊದಲು ಕೇಳಿ, ಆಮೇಲೆ ಬೈಯುವುದನ್ನು ರೂಢಿ ಮಾಡಿಕೊಂಡೆ.

2025ರ ಜೂನ್, ನನ್ನ ಸೇವೆಯ ಕೊನೆಯ ತಿಂಗಳು. ಎರಡು ಜಡೆ ಹಾಕಿಕೊಂಡ ಎಂಟು ವರ್ಷದ ಹುಡುಗಿಯೊಬ್ಬಳು ಮಾವನ ಕೈ ಹಿಡಿದು ಬಂದು ಕುರ್ಚಿ ಏರಿದಳು. ಹಿಂದೆ ಅಮ್ಮ, ಅವಳ ಹಿಂದೆ ಕೋಲೂರಿಕೊಂಡು ಅಜ್ಜಿ. ಮೇಲಿನ ನಡುಹಲ್ಲು ದಾರಕ್ಕೆ ಕಟ್ಟಿದಂತೆ ಜೋತಾಡುತ್ತಿತ್ತು. ಅದೇ ಹಲ್ಲು. ನಾನು ಬೆರಳಿಗೆ ಗಾಜ್ ಬಟ್ಟೆ ಸುತ್ತಿಕೊಂಡು ಮುಂದೆ ಬಾಗಿದೆ. ಅಂದು ಕಿತ್ತುಹಾಕಿ ಎಂದು ಬಂದಿದ್ದ ಸಿದ್ದಗಂಗಮ್ಮ ನನ್ನ ತೋಳು ಹಿಡಿದುಕೊಂಡರು.

"ಮೆತ್ತಗೆ ಕಣಮ್ಮ," ಎಂದರು. "ನಮ್ ಕೂಸಿನ್ ಮೊದಲ್ನೇ ಹಲ್ಲು ಅದು."