ಸಹಿ ಹಾಕಲ್ಲ ಅಂದಮೇಲೆ

ನಾನು ಕಾನೂನು ಓದಿದ ಕಾಲೇಜಿನಲ್ಲಿ ‘ಉಚಿತ ಕಾನೂನು ನೆರವು ಕ್ಲಿನಿಕ್’ ಎಂದು ಬೋರ್ಡು ಹಾಕಿದ ಒಂದು ಕೋಣೆ ಇತ್ತು. ಅದಕ್ಕೆ ಯಾವಾಗಲೂ ಬೀಗ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಸ್ಪೋರ್ಟ್ಸ್ ಡೇಯ ಹಳೆಯ ಬ್ಯಾನರುಗಳು, ಕಾಲು ಮುರಿದ ಒಂದು ಟೇಬಲ್ಲು. ಕಷ್ಟ ಹೇಳಿಕೊಂಡು ಆ ಕೋಣೆಗೆ ಬಂದ ಒಬ್ಬ ಮನುಷ್ಯನನ್ನೂ ನಾನು ನೋಡಲಿಲ್ಲ. ಡಾಕ್ಟರ ಕ್ಲಿನಿಕ್ಕು ಅಂದರೆ ಅಲ್ಲಿ ರೋಗಿ ಇರಬೇಕು ಅನ್ನುವುದು ಚಿಕ್ಕ ಮಗುವಿಗೂ ಗೊತ್ತು. ನಮ್ಮ ಕ್ಲಿನಿಕ್ಕಿಗೆ ಇನ್ಸ್‌ಪೆಕ್ಷನ್ನಿನವರು ಬಂದರೆ ಸಾಕಾಗಿತ್ತು. ಅವತ್ತು ಬೀಗ ತೆಗೆದು, ನೆಲ ಒರೆಸಿ, ನಮ್ಮಲ್ಲೇ ಇಬ್ಬರನ್ನು ಕಕ್ಷಿದಾರರ ಹಾಗೆ ಕೂರಿಸುತ್ತಿದ್ದರು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ತಿಂಗಳು ಅದೇ ಕಾಲೇಜಿನಿಂದ ಫೋನ್ ಬಂತು. ನಾನೀಗ ಚಿಕ್ಕಬಳ್ಳಾಪುರದ ಕೋರ್ಟಿನಲ್ಲಿ ವಕೀಲೆ. ಹಳೆಯ ವಿದ್ಯಾರ್ಥಿನಿ ಅನ್ನುವ ಅಭಿಮಾನದಿಂದ ಕಾನೂನು ಅರಿವು ಶಿಬಿರಕ್ಕೆ ಅತಿಥಿಯಾಗಿ ಕರೆದರು. ಶಾಲು ಹೊದಿಸುತ್ತಾರಂತೆ. ‘ಬರಲ್ಲ’ ಅಂದೆ. ‘ಯಾಕೆ ಮೇಡಂ, ಬಿಡುವಿಲ್ವಾ?’ ಎಂದು ಕೇಳಿದರು. ‘ಬಿಡುವಿದೆ, ಸಿಟ್ಟೂ ಇದೆ’ ಎಂದು ಫೋನ್ ಇಟ್ಟೆ. ಇಟ್ಟ ಮೇಲೂ ಸಿಟ್ಟು ಇಳಿಯಲಿಲ್ಲ.

ನಾನು ಪೆರೇಸಂದ್ರದವಳು. ಅಪ್ಪ ಗುಮಾಸ್ತರು, ಅಮ್ಮ ಸ್ಕೂಲು ಟೀಚರ್. ಓದಿದ್ದನ್ನು ನಂಬುವ ಮನೆ ನಮ್ಮದು. ಕಾಲೇಜಿನಲ್ಲಿ ‘ಕ್ಲಿನಿಕಲ್ ಪೇಪರ್’ ಅಂತ ಇದೆ, ಕೋರ್ಟಿಗೆ ಹೋಗಿ ನೋಡಬೇಕು, ಕಕ್ಷಿದಾರರ ಹತ್ತಿರ ಮಾತಾಡಬೇಕು, ಪತ್ರ ಬರೆಯಲು ಕಲಿಯಬೇಕು ಅಂದಾಗ ನಾನು ಕುಣಿದಾಡಿದ್ದೆ. ಡಾಕ್ಟರಿಕೆ ಓದುವವರು ಆಸ್ಪತ್ರೆಯ ಮಂಚದ ಪಕ್ಕ ನಿಂತು ಕಲಿಯುವ ಹಾಗೆ ನಾವು ಜನರ ನಡುವೆ ನಿಂತು ಕಲಿಯುತ್ತೇವೆ ಅಂದುಕೊಂಡಿದ್ದೆ. ಅದು ವರ್ಷಕ್ಕೊಂದು ಬಸ್ ಪ್ರಯಾಣವಾಯಿತು. ಮೊದಲ ವರ್ಷ ಶಿಡ್ಲಘಟ್ಟ. ರೇಷ್ಮೆ ನೂಲು ತೆಗೆಯುವ ಹೆಂಗಸರನ್ನು ಬಿಸಿಲಲ್ಲಿ ಕೂರಿಸಿ ಕಾರ್ಮಿಕ ಕಾಯ್ದೆ ಓದಿ ಹೇಳಿದೆವು. ಅವರ ಅರ್ಧ ದಿನದ ಕೂಲಿ ಹೋಯಿತು, ನಮಗೆ ಹಾಜರಾತಿ ಸಿಕ್ಕಿತು. ಎರಡನೇ ವರ್ಷ ಚಿಂತಾಮಣಿ. ಮೈಕು ಕೈಕೊಟ್ಟು ಯಾರಿಗೂ ಏನೂ ಕೇಳಿಸಲಿಲ್ಲ. ವರದಿಯಲ್ಲಿ ಮಾತ್ರ ‘ಅಭೂತಪೂರ್ವ ಯಶಸ್ಸು’ ಎಂದು ಬರೆದೆವು. ಮೂರನೇ ವರ್ಷ ಗೌರಿಬಿದನೂರು.

ಅದು ಕುಡುಮಲಕುಂಟೆ ಕಡೆಯ ಒಂದು ಹಳ್ಳಿ. ಫ್ಯಾಕ್ಟರಿಗಳು ಬಂದ ಮೇಲೆ ಅಲ್ಲಿ ರಾಗಿ ಬೆಳೆಯುವ ಹೊಲಕ್ಕೆ ಚಿನ್ನದ ಬೆಲೆ. ಹೊಲಕ್ಕೆ ಬೆಲೆ ಬಂದ ಕೂಡಲೇ ಅಣ್ಣತಮ್ಮಂದಿರಿಗೆ ಅಕ್ಕತಂಗಿಯರ ನೆನಪೂ ಬಂದಿತ್ತು. ತವರಿಗೆ ಕರೆಸಿ, ಹೊಸ ಸೀರೆ ಕೊಟ್ಟು, ಮಡಿಲು ತುಂಬಿ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಖುಲಾಸೆ ಬರೆಸಿಕೊಳ್ಳುವುದು, ಅಂದರೆ ‘ನನ್ನ ಪಾಲು ನನಗೆ ಬೇಡ’ ಎಂದು ಸಹಿ ಹಾಕಿಸಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಪತ್ರದಲ್ಲಿ ‘ಅರಿಶಿನ ಕುಂಕುಮದ ಬಾಬ್ತು’ ಎಂದು ಏನೋ ಒಂದಿಷ್ಟು ಕೊಟ್ಟ ಹಾಗೆ ಬರೆಯುತ್ತಾರೆ. ಸಹಿ ಹಾಕದವಳಿಗೆ ಮುಂದಿನ ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬರುವುದಿಲ್ಲ. ಹಾಗಾಗಿ ಆ ವರ್ಷ ನಮ್ಮ ಬೀದಿ ನಾಟಕದ ವಿಷಯ ‘ಹೆಣ್ಣುಮಕ್ಕಳ ಆಸ್ತಿ ಹಕ್ಕು’. ಮಗಳ ಪಾತ್ರ ನನ್ನದು.

ಶುಕ್ರವಾರ ಸ್ಕೂಲಿನ ಮುಂದೆ ಶಾಮಿಯಾನ ಹಾಕಿದ್ದರು. ಗಿಡಕ್ಕೆ ನೀರು ಹಾಕಿ ಉದ್ಘಾಟನೆ, ಸ್ವಾಗತ, ಪ್ರಾಸ್ತಾವಿಕ, ಹಾರ, ಶಾಲು, ಪೇಟ. ಅತಿಥಿಯಾಗಿ ಬಂದ ಹಿರಿಯ ವಕೀಲರು ತಮ್ಮ ಮೊದಲ ಕೇಸಿನ ಕಥೆಯನ್ನು ಉದ್ದಕ್ಕೂ ಎಳೆದರು. ಕೊನೆಗೆ ನಮ್ಮ ನಾಟಕ. ಅಣ್ಣಂದಿರು ಪೇಪರು ಹಿಡಿದು ಬರುತ್ತಾರೆ, ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ‘ಸಹಿ ಹಾಕಲ್ಲ!’ ಅನ್ನುತ್ತೇನೆ, ಅಣ್ಣಂದಿರು ತಲೆ ತಗ್ಗಿಸುತ್ತಾರೆ, ಎಲ್ಲರೂ ಸೇರಿ ಘೋಷಣೆ ಕೂಗುತ್ತೇವೆ. ಜೋರು ಚಪ್ಪಾಳೆ ಬಿತ್ತು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸ್ಕೂಲಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ಒಬ್ಬರು ಹೆಂಗಸು ಬಂದು ನಿಂತರು. ನಮ್ಮಮ್ಮನಿಗಿಂತ ಸ್ವಲ್ಪ ಚಿಕ್ಕವರು. ಗಂಡ ಹಿಂದೂಪುರದಲ್ಲಿ ಇನ್ನೊಂದು ಸಂಸಾರ ಮಾಡಿಕೊಂಡ ಮೇಲೆ ತವರಿಗೆ ಬಂದವರು. ಅಣ್ಣಂದಿರ ಮನೆಯ ಹಿಂಭಾಗದ ಒಂದು ರೂಮಿನಲ್ಲಿ ಒಬ್ಬರೇ ಇದ್ದರು. ಅದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಕೇಳಿದರು:

‘ನಾಟ್ಕದಲ್ಲಿ ಸಹಿ ಹಾಕಲ್ಲ ಅಂದ್ಯಲ್ಲಮ್ಮ, ಆಮೇಲೆ?’

‘ಆಮೇಲೆ ಅಂದ್ರೆ?’

‘ಆಮೇಲೆ ಅವತ್ತು ರಾತ್ರಿ ಆ ಹುಡುಗಿ ಎಲ್ಲಿ ಮಲಗಿದ್ಲು?’

ನಮ್ಮ ನಾಟಕದಲ್ಲಿ ಆಮೇಲೆ ಅನ್ನುವುದೇ ಇರಲಿಲ್ಲ.

ಅವರ ಸಹಿ ಸೋಮವಾರಕ್ಕೆ ನಿಗದಿಯಾಗಿತ್ತು. ಹೊಲ ಕೊಳ್ಳುವವರು ಬೆಂಗಳೂರಿನಿಂದ ಅವಸರ ಮಾಡುತ್ತಿದ್ದರಂತೆ. ಹೊಲ, ಮನೆ ಎಲ್ಲದರ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟೆ ಎಂದು ಅವರು ಬರೆದುಕೊಡಬೇಕಿತ್ತು. ‘ರೂಮ್ ನಿಂದೇ ಕಣೇ, ಸಾಯೋಗಂಟ ಇರು ಅಂದವ್ರೆ. ಬಾಯಲ್ಲಿ ಅಂದವ್ರೆ. ಹಾಕ್ಲಾ ಬೇಡ್ವಾ? ಚೆಪ್ಪಮ್ಮಾ, ಹೇಳು.’

ನಾನು ಕ್ಲಿನಿಕ್ ನೋಡಿಕೊಳ್ಳುವ ಸರ್ ಹತ್ತಿರ ಓಡಿದೆ. ಅವರು ಫೋಟೋದವನಿಗೆ ಬ್ಯಾನರ್ ಪೂರ್ತಿ ಬರುವ ಹಾಗೆ ತೆಗೆಯಪ್ಪ ಎಂದು ಹೇಳುತ್ತಿದ್ದರು.

‘ಸರ್, ಒಬ್ರಿಗೆ ಸೋಮವಾರ ಸಹಿ ಇದೆ. ಏನ್ ಹೇಳಣ?’

‘ಏನೂ ಹೇಳ್ಬೇಡಮ್ಮ. ನಿಂಗಿನ್ನೂ ಸನ್ನದು ಆಗಿಲ್ಲ. ಸಲಹೆ ಗಿಲಹೆ ಕೊಟ್ಟು ನಮ್ಮನ್ನ ಸಿಕ್ಕಿಸ್ಬೇಡ.’

‘ನೀವಾದ್ರೂ ಹೇಳಿ ಸರ್.’

ಅವರು ಫೋಟೋದವನಿಂದ ಸ್ವಲ್ಪ ದೂರ ಬಂದು, ದನಿ ತಗ್ಗಿಸಿ ಹೇಳಿದರು: ‘ನಂಗೂ ಸನ್ನದು ಇಲ್ಲ ಕಣಮ್ಮ. ಮೇಷ್ಟ್ರ ಕೆಲ್ಸಕ್ಕೆ ಸೇರಿದ್ಮೇಲೆ ವಕೀಲಿಕೆ ಮಾಡೋ ಹಾಗಿಲ್ಲ. ನಾನು ಕೋರ್ಟ್ ಒಳಗೆ ಕಾಲಿಟ್ಟು ಯಾವ ಕಾಲ ಆಯ್ತೋ.’

ಈಜು ಬಾರದವರನ್ನು ಬಾವಿಗೆ ಇಳಿಸುವವರಿಗೂ ಈಜು ಬಾರದು, ಅವರನ್ನು ಕಲಿಯಲು ಬಿಡುವುದೂ ಇಲ್ಲ. ಯಾರ ತಲೆಗೆ ಹೊಳೆದ ವ್ಯವಸ್ಥೆ ಇದು? ಅವರನ್ನು ಬೈಯಲಾಗದೆ ಹಲ್ಲು ಕಚ್ಚಿಕೊಂಡೆ. ಊಟಕ್ಕೆ ಕೈ ತೊಳೆಯುತ್ತಿದ್ದ ಅತಿಥಿ ವಕೀಲರ ಹತ್ತಿರ ಹೋದೆ. ಅವರು ಕರ್ಚೀಫಿಗೆ ಕೈ ಒರೆಸಿಕೊಳ್ಳುತ್ತಾ ‘ಹಾಕ್ಬೇಡ ಅಂತ ಹೇಳಮ್ಮ, ಸಮಪಾಲು ಇದೆ’ ಅಂದರು. ಹೊಲದಲ್ಲಿ ಪಾಲು ಇದೆ, ಸರಿ. ‘ರಾತ್ರಿಗೆ ಮನೆ ಸರ್?’ ಎಂದು ಕೇಳಿದೆ. ‘ಕಾನೂನು ನೆರವಿನ ಕಚೇರಿಗೆ ಒಂದು ಅರ್ಜಿ ಕೊಡಕ್ಕೆ ಹೇಳು’ ಎಂದು ಎಲೆಯ ಮುಂದೆ ಕುಳಿತರು. ಮಾರನೇ ದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಊಟಕ್ಕಿಲ್ಲದ ಉಪ್ಪಿನಕಾಯಿ ಅನ್ನುತ್ತಾರಲ್ಲ, ಹಾಗೆ. ಬಸ್ಸು ಹೊರಡುವಾಗ ಆ ಹೆಂಗಸು ಕಿಟಕಿಯ ಹತ್ತಿರ ಬಂದರು. ‘ಸೋಮವಾರ ನಾನೂ ಬರ್ತೀನಿ’ ಅಂದೆ.

ಎರಡು ದಿನ ಪುಸ್ತಕಗಳನ್ನು ತಿರುವಿ ಹಾಕಿದೆ. ಯಾವ ವರ್ಷ ತಿದ್ದುಪಡಿಯಾಯಿತು, ಯಾವ ತೀರ್ಪಿನಲ್ಲಿ ಏನು ಹೇಳಿದರು, ಎಲ್ಲ ಬಾಯಿಪಾಠ ಇತ್ತು. ಹಕ್ಕು ಖುಲಾಸೆ ಪತ್ರ ನೋಡಲು ಹೇಗಿರುತ್ತದೆ ಅನ್ನುವುದು ಗೊತ್ತಿರಲಿಲ್ಲ. ನಿಜವಾಗಿ ನೋಡಿರಲಿಲ್ಲ. ಪುಸ್ತಕದ ಬದನೆಕಾಯಿ ಸಾರಿಗೆ ಬರಲ್ಲ ಎಂದು ಅಮ್ಮ ತಮಾಷೆ ಮಾಡಿದಳು. ನಾನು ಅವಳ ಮೇಲೂ ರೇಗಿದೆ.

ಸೋಮವಾರ ಕ್ಲಾಸು ತಪ್ಪಿಸಿ ಗೌರಿಬಿದನೂರಿಗೆ ಹೋದೆ. ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ ಬೆಂಚಿನ ಮೇಲೆ ಅವರು ಕೂತಿದ್ದರು. ಹೊಸ ಸೀರೆಯ ಮಡಿಕೆ ಇನ್ನೂ ಬಿಟ್ಟಿರಲಿಲ್ಲ, ತಲೆಗೆ ಕನಕಾಂಬರ. ಅತ್ತಿಗೆ ಪಕ್ಕದಲ್ಲೇ ಕೂತು ಸೆರಗು ಸರಿಮಾಡುತ್ತಿದ್ದಳು. ದೊಡ್ಡಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಯಾರಮ್ಮ ನೀನು?’

‘ಲಾ ಓದ್ತಾ ಇದ್ದೀನಿ.’

‘ಓದು ಓದು, ಚೆನ್ನಾಗಿ ಓದು. ಟೀ ಕುಡೀತೀಯಾ?’

ಜಗಳಕ್ಕೆ ಬಂದಿದ್ದರೆ ನಾನೂ ಜಗಳ ಆಡುತ್ತಿದ್ದೆ. ನಾಟಕದ ಅಣ್ಣಂದಿರು ಪೇಪರು ಬೀಸುತ್ತಾ ಗದರಿಸುತ್ತಿದ್ದರು, ಇವರು ಬೆಣ್ಣೆಯಲ್ಲಿ ಕೂದಲು ತೆಗೆಯುವಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಅತ್ತಿಗೆ ನೀರು ಕುಡಿಯಲು ಎದ್ದಾಗ ಆ ಹೆಂಗಸು ನನ್ನ ಕೈ ಹಿಡಿದುಕೊಂಡರು. ‘ಏನಂತಮ್ಮ?’ ಎಂದು ಕೇಳಿದರು. ನಾನು ‘ನಿಮಗೂ ಸಮಪಾಲು ಇದೆ’ ಎಂದು ಶುರುಮಾಡಿದೆ.

‘ಅದು ಶುಕ್ರವಾರಾನೇ ಕೇಳ್ದೆ. ಇವತ್ತೇನ್ ಮಾಡ್ಲಿ ಅದು ಹೇಳು.’

ಅಷ್ಟರಲ್ಲಿ ಒಳಗಿಂದ ಕರೆದರು. ಪತ್ರಕ್ಕೆ ಸಂಬಂಧಪಟ್ಟವರು ಮಾತ್ರ ಬನ್ನಿ ಎಂದು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ನಡೆಯುವುದೆಲ್ಲ ಕಾಣುತ್ತಿತ್ತು, ಕೇಳಿಸುತ್ತಿತ್ತು. ಕ್ಯಾಮೆರಾದ ಮುಂದೆ ಕೂರಿಸಿದರು. ಅಧಿಕಾರಿ ತಲೆ ಎತ್ತಿ, ಬಂದವರನ್ನೆಲ್ಲ ಕೇಳುವ ಹಾಗೆ ‘ಒಪ್ಪಿ ಬರ್ಕೊಡ್ತಾ ಇದ್ದೀರೇನಮ್ಮ? ಬಲವಂತ ಏನೂ ಇಲ್ವಲ್ಲ?’ ಎಂದು ಕೇಳಿದರು. ಅಷ್ಟು ಹೊತ್ತು ಬಗ್ಗಿಸಿಕೊಂಡಿದ್ದ ತಲೆಯನ್ನು ಆ ಹೆಂಗಸು ಎತ್ತಿ, ಬಾಗಿಲ ಕಡೆ ತಿರುಗಿ ನನ್ನನ್ನು ನೋಡಿದರು. ನಾನು ಬಾಯಿ ತೆರೆದೆ. ಬಾಯಿಗೆ ಬಂದದ್ದು ಸೆಕ್ಷನ್ನಿನ ನಂಬರು. ಅವರು ಆ ಕಡೆ ತಿರುಗಿ ‘ಹೂಂ’ ಅಂದರು. ಹೆಬ್ಬೆರಳು ಒತ್ತಿಸಿ, ಸಹಿ ಹಾಕಿಸಿ, ಅಲ್ಲಿಂದ ಎಲ್ಲರೂ ಹೋಟೆಲಿಗೆ ಊಟಕ್ಕೆ ಹೋದರು.

ಈಗ ನನಗೆ ಗೊತ್ತು. ‘ಇವತ್ತು ಬೇಡ. ರೂಮು ಸಾಯೋವರೆಗೂ ನಂದು ಅಂತ ಪತ್ರದಲ್ಲೇ ಬರೆಸಿ, ಆಮೇಲೆ ಬರ್ತೀನಿ’ ಅನ್ನಿ ಎಂದು ನಾನು ಅವರಿಗೆ ಹೇಳಿಕೊಟ್ಟಿದ್ದರೆ ಸಾಕಿತ್ತು. ಕೊಳ್ಳುವವರಿಗೆ ಅವಸರ ಇತ್ತು. ಸಂಜೆಯೊಳಗೆ ಅಣ್ಣಂದಿರೇ ಬರೆಸಿಕೊಂಡು ಬರುತ್ತಿದ್ದರು. ಬೇಕಿದ್ದರೆ ಹೊಲದ ಪಾಲಿನ ಮಾತನ್ನೂ ಆವಾಗ ಎತ್ತಬಹುದಿತ್ತು. ಕೋರ್ಟಿನ ಶಿರಸ್ತೇದಾರರಿಗೂ ಟೈಪಿಸ್ಟಿಗೂ ನಮಸ್ಕಾರ ಹಾಕುತ್ತಾ ಒಬ್ಬ ಸೀನಿಯರ್ ಹಿಂದೆ ಆರು ತಿಂಗಳು ಫೈಲು ಹೊತ್ತ ಮೇಲೆ ಇದು ನನ್ನ ತಲೆಗೆ ತಾನಾಗಿ ಬಂತು. ಅದನ್ನು ಕಾಲೇಜು ಮೂರು ವರ್ಷದಲ್ಲಿ ಹೇಳಿಕೊಡಬಹುದಿತ್ತು. ಕ್ಲಿನಿಕಲ್ ಪೇಪರ್ ಇರುವುದೇ ಅದಕ್ಕೆ! ಆ ಬೀಗ ತೆಗೆದು, ಒಬ್ಬ ವಕೀಲರನ್ನು ವಾರಕ್ಕೊಂದು ದಿನ ಕೂರಿಸಿ, ಒಂದೇ ಒಂದು ಪತ್ರವನ್ನು ಸಾಲು ಸಾಲಾಗಿ ಓದಿಸಿದ್ದರೆ ಸಾಕಿತ್ತು. ನಾನು ಇಲ್ಲಿ ಪಶ್ಚಾತ್ತಾಪ ಪಡುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ನಾನು ದೂರು ಕೊಡುತ್ತಿದ್ದೇನೆ.

ಪರೀಕ್ಷೆಗೆ ಹೊರಗಿನಿಂದ ಬಂದ ಮೇಷ್ಟ್ರು ನನ್ನ ಕ್ಲಿನಿಕಲ್ ರೆಕಾರ್ಡಿನ ಫೋಟೋಗಳನ್ನು ನೋಡಿದರು. ‘ನಾಟಕದಲ್ಲಿರೋದು ನೀನೇನಾ? ಭೇಷ್! ಜನರಿಗೆ ಏನು ಉಪಯೋಗ ಆಯ್ತು?’ ಎಂದು ಕೇಳಿದರು. ‘ಒಬ್ರು ಪಾಲು ಬಿಟ್ಕೊಟ್ರು ಸರ್’ ಅಂದೆ. ಅವರು ಅದನ್ನೂ ನಾಟಕದ ಕಥೆ ಅಂದುಕೊಂಡು ನಕ್ಕರು. ನನಗೆ ಪೂರ್ತಿ ಮಾರ್ಕ್ಸು ಬಂತು. ಮೈಯೆಲ್ಲ ಉರಿದುಹೋಯಿತು.

ವಕೀಲಿಕೆ ಶುರುಮಾಡಿದ ಮೇಲೆ ಒಂದು ಕೇಸಿಗೆಂದು ಗೌರಿಬಿದನೂರಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಅವರು ಸಿಕ್ಕಿದರು. ಫ್ಯಾಕ್ಟರಿ ಕ್ಯಾಂಟೀನಿನ ನೀಲಿ ಏಪ್ರನ್ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅಣ್ಣನ ಮಗನಿಗೆ ಮದುವೆಯಾಯಿತು, ಹೊಸ ಜೋಡಿಗೆ ರೂಮು ಬೇಕಾಯಿತು, ಯಾರೂ ಹೋಗು ಅನ್ನಲಿಲ್ಲ, ಒಂದು ದಿನ ಮಂಚ ಹೊರಗಿತ್ತು. ಈಗ ಊರಾಚೆ ಒಂದು ಶೀಟಿನ ಮನೆಯಲ್ಲಿ ಬಾಡಿಗೆಗೆ ಇದ್ದಾರಂತೆ. ಕೇಳುತ್ತಾ ಕೇಳುತ್ತಾ ನನಗೆ ಕೋಪ ನೆತ್ತಿಗೇರಿತು. ಆ ಅಣ್ಣನ ಮೇಲೆ, ಬ್ಯಾನರ್ ಫೋಟೋ ತೆಗೆಸಿದವರ ಮೇಲೆ, ಕೊನೆಗೆ ಇವರ ಮೇಲೂ. ಕೇಸು ಹಾಕಣ, ನಾನೇ ನಡೆಸ್ತೀನಿ ಅಂದೆ. ಅವರು ಏಪ್ರನ್ನನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡು ಬಸ್ಸು ಬರುವ ದಾರಿ ನೋಡಿದರು.

‘ಅವತ್ತು ಯಾಕೆ ಹೂಂ ಅಂದ್ರಿ?’ ಎಂದು ಸುತ್ತ ಇದ್ದವರು ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆ. ‘ನಾನು ಅಲ್ಲೇ ಬಾಗಿಲಲ್ಲೇ ಇದ್ನಲ್ಲ!’

ಅವರಿಗೆ ಸ್ವಲ್ಪವೂ ಸಿಟ್ಟು ಬರಲಿಲ್ಲ. ನನ್ನ ಕಪ್ಪು ಕೋಟಿನ ತೋಳು ಮುಟ್ಟಿ ನೋಡಿ, ಮಗುವಿಗೆ ಹೇಳುವ ಹಾಗೆ ಹೇಳಿದರು:

‘ನೀನಿದ್ದೆ ಕಣಮ್ಮ. ನಿನ್ನ ಮುಖ ನೋಡಿದ್ಮೇಲೇ ಹೂಂ ಅಂದಿದ್ದು. ನಿಂಗೂ ಯಾರೂ ಹೇಳ್ಕೊಟ್ಟಿರ್ಲಿಲ್ಲ, ಪಾಪ.’