ಮನೆದೇವರು ಕೇಳುವ ಊರಿನಲ್ಲಿ ಅಮೆರಿಕದ ಪಾಠ

ಬೈಲಹೊಂಗಲದಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಚಹಾ ಬರುತ್ತದೆ, ಅದರ ಹಿಂದೆಯೇ ‘ನಿಮ್ಮ ಮನಿದೇವರು ಯಾವುದ್ರಿ?’ ಬರುತ್ತದೆ. ನಮ್ಮ ಕೊಳ್ಳೇಗಾಲದ ಕಡೆ ‘ಯಾವ ಜನ?’ ಎಂದು ಮುಖಕ್ಕೇ ಕೇಳುತ್ತಾರೆ. ಇಲ್ಲಿ ದೇವರ ಹೆಸರಿನಿಂದ ಜಾತಿ ಹಿಡಿಯುತ್ತಾರೆ. ನಾವು ಅಪ್ಪನ ಕಾಲದಿಂದ ಬೌದ್ಧರು, ಮನೆದೇವರಿಲ್ಲ ಎಂದು ಹೋದಲ್ಲೆಲ್ಲ ಹೇಳಿದೆ. ಚಹಾ ಚೆನ್ನಾಗಿತ್ತು, ಮನೆ ಸಿಗಲಿಲ್ಲ.

ನಾನು ಇಲ್ಲಿನ ಕಾಲೇಜಿಗೆ ಇತಿಹಾಸ ಕಲಿಸಲು ಬಂದವಳು. ಹಾಸ್ಟೆಲಿನ ಕೋಣೆಯಲ್ಲಿದ್ದೆ. ಮನೆ ಸಿಕ್ಕರೆ ಮಾತ್ರ ಊರಲ್ಲಿ ಅಪ್ಪನ ಬಳಿ ಬಿಟ್ಟುಬಂದ ಮಗಳನ್ನು ಕರೆತರಬಹುದು; ಅವಳ ಶಾಲೆಯ ದಸರೆ ರಜೆ ಮುಗಿಯುವುದರೊಳಗೆ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಜೋಳದ ರೊಟ್ಟಿ ರೂಢಿಯಾಯಿತು. ‘ಕುಂದರ್ರಿ’ ಎಂದರೆ ಗದರಿಕೆಯಲ್ಲ, ಮರ್ಯಾದೆ ಎಂದು ತಿಳಿಯಿತು.

ಆಗ ತರಗತಿಯಲ್ಲಿ ಅಮೆರಿಕದ ಮೊದಲ ವಸಾಹತುಗಳ ಪಾಠ. ಆಫ್ರಿಕದಿಂದ ಸರಪಳಿ ಹಾಕಿ ತಂದ ಜನ, ಓಡಿಹೋದವರ ಬೆನ್ನಿಗೆ ಬಿದ್ದ ಚಾಟಿ, ತಾಯಿ ಗುಲಾಮಳಾದರೆ ಹುಟ್ಟುವ ಕೂಸೂ ಗುಲಾಮ ಎಂಬ ವರ್ಜೀನಿಯದ ಕಾನೂನು. ದೊಡವಾಡದಿಂದ ಬಸ್ಸಿನಲ್ಲಿ ಬರುವ ವಿದ್ಯಾರ್ಥಿನಿ ಸವಿತಾ ಸಿಟ್ಟಿನಿಂದ ಕುದಿದುಹೋದಳು. ಇಲ್ಲೇ ಇರುವ ತನ್ನ ಸೋದರಮಾವನ ಮಹಡಿ ಖಾಲಿಯಿದೆಯೆಂದು ಅವಳೇ ನನ್ನನ್ನು ಕರೆದೊಯ್ದಳು. ಅವರು ಕಾಳಿನ ವ್ಯಾಪಾರಿ, ಅವಳಿಂದ ಪಾಠವನ್ನೆಲ್ಲ ಕೇಳಿಸಿಕೊಂಡಿದ್ದರು.

‘ಹುಟ್ಟೂ ಕೂಸು ಏನ್ ತಪ್ಪ ಮಾಡಿತ್ರಿ?’ ಎಂದು ಕಣ್ಣೊರೆಸಿಕೊಂಡರು. ಆಮೇಲೆ ಮನೆದೇವರು ಯಾವುದೆಂದು ಕೇಳಿದರು. ಮರುದಿನ ಮಹಡಿ ಅವರ ತಮ್ಮನ ಮಗನಿಗೆ ಬೇಕಾಯಿತಂತೆ. ಸವಿತಾ ಎಷ್ಟೋ ದಿನ ನನ್ನ ಮುಖ ನೋಡಲಿಲ್ಲ. ನನಗೋ ಮೈಯೆಲ್ಲ ಉರಿಯಿತು. ಸಮುದ್ರದಾಚೆಯ ಕೂಸಿಗೆ ಕಣ್ಣೀರು ಹಾಕುವವರು ನನ್ನ ಕೂಸಿಗೆ ಒಂದು ಕೋಣೆ ಕೊಡಲಾರರು. ಊರಿಗೇ ಮರಳೋಣವೆಂದರೆ ಅಲ್ಲಿ ನಮ್ಮ ಬೀದಿಯ ಹೆಸರು ಹೇಳಿದರೆ ಸಾಕು, ಮುಂದೆ ಕೇಳುವ ಗೋಜೇ ಇಲ್ಲ.

ಕೊನೆಗೆ ಸಹೋದ್ಯೋಗಿಯೊಬ್ಬರು ದಾರಿ ತೋರಿಸಿದರು. ‘ಸವದತ್ತಿ ಎಲ್ಲಮ್ಮ ಅನ್ರಿ ಮೇಡಂ. ಎಲ್ಲಾ ಜಾತಿಯವರೂ ಆಕಿಗೆ ನಡ್ಕೋತಾರ, ಪತ್ತೆ ಹತ್ತೂದಿಲ್ಲ.’

ರಜೆ ಮುಗಿಯುತ್ತ ಬಂದಿತ್ತು. ಮುಂದಿನ ಮನೆಯಲ್ಲಿ ಹಾಗೇ ಅಂದುಬಿಟ್ಟೆ. ಮನೆಯೊಡತಿ ಎಲ್ಲಮ್ಮನಿಗೆ ಕೈಮುಗಿದು, ನಮ್ಮವರೇ ಸಿಕ್ಕಂತಾಯಿತು ಎಂದು ಕೀಲಿ ಕೊಟ್ಟರು. ಸಂಜೆಗೆ ಶೇಂಗಾ ಹೋಳಿಗೆ ತಂದಿಟ್ಟರು. ಒಳ್ಳೆಯ ಹೆಂಗಸು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

ಮಗಳಿಗೆ ಫೋನ್ ಮಾಡಿದೆ. ಅವಳು ಕುಣಿದದ್ದು ಇಲ್ಲಿಗೇ ಕೇಳಿತು. ಇಲ್ಲಿ ಯಾರಾದರೂ ಕೇಳಿದರೆ ನಮ್ಮ ಮನೆದೇವರು ಎಲ್ಲಮ್ಮ ಎನ್ನಬೇಕು ಎಂದು ಹೇಳಿಕೊಟ್ಟೆ. ಹೇಳಿಸಿಯೂ ನೋಡಿದೆ, ತಪ್ಪಿಲ್ಲದೆ ಒಪ್ಪಿಸಿದಳು. ಆಮೇಲೆ ಕೇಳಿದಳು:

‘ಅಮ್ಮ, ಊರಿಗೆ ಬಂದಾಗ ತಾತನ ಹತ್ರಾನೂ ಹಂಗೇ ಹೇಳಬೇಕಾ?’