ಹಣ್ಣುಸಂಪಿಗೆಗೆ ಎರವಲು ಹೂವು

ಯಲ್ಲಾಪುರದಿಂದ ಮಾಗೋಡಿಗೆ ಹೋಗುವ ರಸ್ತೆ. ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಆಟೊದಿಂದ ಒದ್ದೆ ಗೋಣಿಚೀಲವೊಂದನ್ನು ಕೂಸನ್ನು ಎತ್ತಿಕೊಂಡಂತೆ ಇಳಿಸಿಕೊಳ್ಳುತ್ತಾರೆ ಸುಗ್ರಾ. ಒಳಗೆ ಹೂ ತುಂಬಿದ ನಾಲ್ಕಾರು ಕೊಂಬೆಗಳಿವೆ. ಒಂದೊಂದನ್ನೂ ನೀರಿನ ಬಾಟಲಿಗೆ ಸಿಕ್ಕಿಸಿ, ಏಣಿ ಹತ್ತಿ, ಮುಳ್ಳು ತರಚಿದರೂ ಲೆಕ್ಕಿಸದೆ ಹಿತ್ತಿಲ ಮರಕ್ಕೆ ಕಟ್ಟುತ್ತಾರೆ. ವಾಕಿಂಗ್ ಹೊರಟವರು ಇದ್ಯಾವ ಹರಕೆಯಪ್ಪಾ ಎಂದು ಕತ್ತು ಹೊರಳಿಸಿ ನೋಡುತ್ತಾರೆ. ಹರಕೆಯೆಂದೇ ತಿಳಿದುಕೊಳ್ಳಲಿ, ಸುಗ್ರಾ ತಲೆಕೆಡಿಸಿಕೊಳ್ಳುವುದಿಲ್ಲ.

ಮರ ಹಣ್ಣುಸಂಪಿಗೆಯದು. ಸಂಪಿಗೆ ಹೂವಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಮೈಗೆ ಮುಳ್ಳಿರುವ, ಬೇಸಿಗೆಯಲ್ಲಿ ಕೆಂಪು ಗೋಲಿಯಂಥ ಹಣ್ಣು ಬಿಡುವ ಸಣ್ಣ ಕಾಡುಮರ. ಕಂಡಲ್ಲಿ ಕಿತ್ತು ತಿನ್ನುವವರಿದ್ದಾರೆ. ನೆಟ್ಟು ಬೆಳೆಸುವ ಗೋಜಿಗೆ ಹೋಗುವವರಿಲ್ಲ. ಸುಗ್ರಾರ ಗಂಡ, ಲಾರಿ ಡ್ರೈವರ್ ಖಾಜಾ ಹುಸೇನ್ ಆ ಗೋಜಿಗೆ ಹೋಗಿದ್ದರು. ಸಿದ್ದಾಪುರ ಕಡೆ ಬಾಡಿಗೆಗೆ ಹೋದಾಗ, ದೊಡ್ಮನೆ ಎಂಬ ಊರಿನಲ್ಲಿ ತಿಂದ ಹಣ್ಣಿನ ಬೀಜ ಕಿಸೆಯಲ್ಲಿಟ್ಟುಕೊಂಡು ಬಂದು ಊರಿದರು. ಅದು ಎರಡು ಮರವಾಯಿತು. ಒಂದು ಮೈತುಂಬ ಕಾಯಿ ಬಿಟ್ಟಿತು. ಇನ್ನೊಂದು ಮರ ಪ್ರತಿ ವರ್ಷವೂ ಬರೀ ಹೂ ಉದುರಿಸಿ ಸುಮ್ಮನಾಗುತ್ತಿತ್ತು.

ಮಗಳು ಯಾಸ್ಮೀನ್‌ಳ ಮದುವೆ ನಿಶ್ಚಯವಾದಾಗ ಬಿರಿಯಾನಿಗೆ ಸೌದೆ ಒಣಗಿಸಿಡಬೇಕಿತ್ತು. ಸುಗ್ರಾರ ಕಣ್ಣು ಆ ಮರದ ಮೇಲೆ ಬಿತ್ತು.

"ಅವ್ರು ಬ್ಯಾಡ ಅಂದ್ರು. ಇರ್ಲಿ ಬಿಡೇ, ಎರಡೂ ಒಟ್ಟಿಗೇ ಬೆಳೆದಾವೆ ಅಂದ್ರು. ಕಾಯಿ ಬಿಡದ ಮರ ಇಟ್ಕೊಂಡು ಎಂತ ಮಾಡ್ತೀರಿ ಅಂತ ನಾನೇ ಜೋರು ಮಾಡಿ ಕಡಿಸ್ದೆ."

ಮರುವರ್ಷ ಉಳಿದ ಮರದಲ್ಲೂ ಕಾಯಿಲ್ಲ. ಅದರಾಚೆ ವರ್ಷವೂ ಇಲ್ಲ. ಆ ರಂಜಾನ್‌ ಹೊತ್ತಿಗೆ ಖಾಜಾ ಹುಸೇನ್ ಹಾಸಿಗೆ ಹಿಡಿದಿದ್ದರು. ರೋಜಾ ಇಡುವ ತ್ರಾಣವಿರಲಿಲ್ಲ. ಆದರೂ ಒಂದು ಸಂಜೆ ಇಫ್ತಾರಿನ ವೇಳೆಗೆ ಹಣ್ಣುಸಂಪಿಗೆಯ ಶರಬತ್ತು ಕೇಳಿದರು. ಸುಗ್ರಾ ಅಂಗಡಿಯ ಕೆಂಪು ಶರಬತ್ತು ಕಲಸಿ ಕೊಟ್ಟರು. ಅವರು ಒಂದು ಗುಟುಕು ಕುಡಿದು, ಚೆನ್ನಾಗಿದೆ ಎಂದು ಲೋಟ ಕೆಳಗಿಟ್ಟರು. ಆ ಸಲದ ಈದ್ ಅವರು ನೋಡಲಿಲ್ಲ.

ಕಾರಣ ತಿಳಿದದ್ದು ಆಮೇಲೆ. ಮಾತಾಡಿಸಲು ಬಂದ ಉಮ್ಮಚಗಿಯ ದೇವಕಿ ಗಿಡದ ಹುಚ್ಚಿನವರು. ಮರದ ಹೂವೊಂದನ್ನು ಕಿತ್ತು ನೋಡಿ, "ಇದು ಹೆಣ್ಣು. ಹತ್ರ ಗಂಡು ಮರನೇ ಇಲ್ಲೆ, ಕಾಯಿ ಎಲ್ಲಿಂದ ಬತ್ತು?" ಎಂದರು. ಹಣ್ಣುಸಂಪಿಗೆಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಹೂವಿನಲ್ಲಿ ಹಳದಿ ಕೇಸರದ ಕುಚ್ಚು. ಹೆಣ್ಣು ಹೂವಿನ ನಡುವೆ ಪುಟ್ಟ ಹಸಿರು ಗುಂಡು. ತಾವು ಕಡಿಸಿದ್ದು ಆ ಕುಚ್ಚಿನ ಹೂವಿನ ಮರವೆಂದು ಸುಗ್ರಾಗೆ ಅವತ್ತೇ ಹೊಳೆದದ್ದು.

ಈಗ ಹೂವಿನ ಕಾಲದಲ್ಲಿ ಆಟೊ ಓಡಿಸುವ ಮಗ ಮುಬೀನ್ ಮಾಗೋಡಿನ ಪರಿಚಯದವರ ಸೊಪ್ಪಿನ ಬೆಟ್ಟದಿಂದ ಗಂಡು ಕೊಂಬೆ ತರುತ್ತಾನೆ. ಉಳಿದ ಕೆಲಸ ಜೇನುನೊಣದ್ದು. ಕಳೆದ ಬೇಸಿಗೆಯಲ್ಲಿ ಬೊಗಸೆಯಷ್ಟು ಹಣ್ಣಾಯಿತು. ಸುಗ್ರಾ ಒಂದನ್ನೂ ಬಾಯಿಗೆ ಹಾಕಲಿಲ್ಲ. ಬೀಜವನ್ನೆಲ್ಲ ಹಾಲಿನ ಪ್ಯಾಕೆಟ್ಟುಗಳಲ್ಲಿ ಬಿತ್ತಿದರು.

ಹೂ ಬಿಡುವವರೆಗೆ ಸಸಿಯಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ. ಹೂವಿಗೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಸುಗ್ರಾ ಯಾರಿಗೂ ಒಂಟಿ ಸಸಿ ಕೊಡುವುದಿಲ್ಲ. ನಾಲ್ಕನ್ನು ಒಟ್ಟಿಗೆ ಕಟ್ಟಿ ಕೊಟ್ಟು, ಕಾಯಿ ಬಿಡಲಿಲ್ಲವೆಂದು ಯಾವುದನ್ನೂ ಕಡಿಯಬೇಡಿ ಎಂದು ಹೇಳಿ ಕಳಿಸುತ್ತಾರೆ. ಜನ ಹೂಂಗುಟ್ಟುತ್ತಾರೆ. ಜಾಗವಿಲ್ಲವೆಂದು ಗೇಟಿನ ಹೊರಗೇ ಎರಡನ್ನು ಇಟ್ಟು ಹೋಗುವವರೂ ಇದ್ದಾರೆ. ಅವನ್ನು ಎತ್ತಿ ತಂದು ಸುಗ್ರಾ ಮತ್ತೆ ನೀರು ಹಾಕುತ್ತಾರೆ.

ಕಡಿದ ಮರದ ಬುಡವನ್ನು ಗೆದ್ದಲು ತಿಂದು ಮುಗಿಸಿದೆ. ಆ ಜಾಗದ ಸುತ್ತ ಈಗ ಗೇಣುದ್ದದ ಸಸಿಗಳು. ಈ ಸಲ ಹಣ್ಣಾದರೆ ಶರಬತ್ತು ಮಾಡಿ, ಗಂಡನ ಹೆಸರಿನಲ್ಲಿ ಫಾತಿಹಾ ಪ್ರಾರ್ಥನೆ ಓದಿಸಬೇಕೆಂಬ ಆಸೆ ಸುಗ್ರಾರದು. ಏಣಿಯಿಂದ ಇಳಿದು, ಕೈಯ ಗೀರುಗಳನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಆ ಖಾಲಿ ಜಾಗದ ಕಡೆ ನೋಡುತ್ತಾರೆ.

"ಅದು ಕಾಯಿ ಬಿಡ್ಬೇಕಂತ ಏನಿರ್ಲಿಲ್ಲ ರೀ. ಅಲ್ಲಿ ನಿಂತಿದ್ರೆ ಸಾಕಿತ್ತು."